ಹಿತ್ತಲಿನ 24 ಕೋಳಿಗಳ ಆಹಾರದ ಖರ್ಚು: ಒಂದು ವರ್ಷದ ಪ್ರಕರಣ ಅಧ್ಯಯನ

ಮಾಗಡಿ ತಾಲ್ಲೂಕಿನ ನಮ್ಮ ಮನೆಯ ಹಿತ್ತಲಿನಲ್ಲಿ ಸಾಕಿದ ಕೋಳಿಗಳ ಆಹಾರಕ್ಕೆ 2024ರ ಫೆಬ್ರವರಿಯಿಂದ 2025ರ ಜನವರಿಯವರೆಗೆ ಆದ ಖರ್ಚನ್ನೂ ಅದರಿಂದ ಬಂದ ಮೊಟ್ಟೆಗಳನ್ನೂ ದಿನದಿನವೂ ಬರೆದಿಟ್ಟ ಪುಸ್ತಕ ಈ ಬರಹಕ್ಕೆ ಆಧಾರ. ಕೋಳಿಗಳು ಸ್ವರ್ಣಧಾರಾ ತಳಿಯವು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ 1989ರಲ್ಲಿ ಗಿರಿರಾಜ ತಳಿ ಹೊರಬಂದ ಮೇಲೆ ಹಿತ್ತಲ ಸಾಕಣೆಗೆಂದೇ ಅಲ್ಲಿ ನಡೆದ ಕೆಲಸದ ಮುಂದುವರಿಕೆಯಾಗಿ 2005ರಲ್ಲಿ ಬಿಡುಗಡೆಯಾದ ತಳಿ ಇದು. ವರ್ಷಕ್ಕೆ ಸುಮಾರು 180 ಮೊಟ್ಟೆ ಇಡುವ, ಬೆಳೆದ ಹೇಂಟೆ ಮೂರು ಕೆ.ಜಿ.ಯಷ್ಟು ತೂಗುವ, ಕಂದು ಬಣ್ಣದ ಮೊಟ್ಟೆ ಕೊಡುವ ಕೋಳಿ. 2023ರ ಜುಲೈಯಲ್ಲಿ ಒಂದು ದಿನದ ಮರಿಗಳನ್ನು ತಂದೆವು, ಡಿಸೆಂಬರ್ ಕೊನೆಗೆ ಮೊಟ್ಟೆ ಶುರುವಾಯಿತು, ಲೆಕ್ಕದ ಪುಸ್ತಕ ತೆರೆದ ದಿನ 22 ಹೇಂಟೆಗಳೂ 2 ಹುಂಜಗಳೂ ಇದ್ದವು.

ಪುಸ್ತಕ ತೆರೆಯಬೇಕಾದದ್ದು ಒಂದು ಅನುಮಾನದಿಂದ. ಮನೆಯ ಮೊಟ್ಟೆಯನ್ನು ಊರಿನಲ್ಲಿ ಹತ್ತು ರೂಪಾಯಿಗೆ ಒಂದರಂತೆ ಕೊಡುತ್ತಿದ್ದೆವು. ಕೇಳಿಕೊಂಡು ಬರುವವರಿದ್ದರು, ಮೊಟ್ಟೆ ಉಳಿಯುತ್ತಿರಲಿಲ್ಲ. ಆದರೂ ತಿಂಗಳ ಕೊನೆಯಲ್ಲಿ ಕೈಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಮೊಟ್ಟೆಕೋಳಿಗೆಂದೇ ಮಾಡಿದ ಸಿದ್ಧ ಆಹಾರದ, ಅಂದರೆ ಲೇಯರ್ ಫೀಡಿನ 50 ಕೆ.ಜಿ. ಮೂಟೆಗೆ ಆಗ 1,700 ರೂಪಾಯಿ, ಅಂದರೆ ಕೆ.ಜಿ.ಗೆ 34. ಮೂಟೆ ಹದಿನಾಲ್ಕು ದಿನಕ್ಕೆ ಮುಗಿಯುತ್ತಿತ್ತು. ದಿನಕ್ಕೆ ಸರಾಸರಿ 12 ಮೊಟ್ಟೆಯಂತೆ ಹದಿನಾಲ್ಕು ದಿನಕ್ಕೆ 168 ಮೊಟ್ಟೆ. ಭಾಗಿಸಿ ನೋಡಿದರೆ ಒಂದು ಮೊಟ್ಟೆಗೆ ಆಹಾರದ ಖರ್ಚೇ 10 ರೂಪಾಯಿ 12 ಪೈಸೆ. ಮರಿಯ ಬೆಲೆ, ಲಸಿಕೆ, ಗೂಡಿನ ಖರ್ಚು, ನಮ್ಮ ದುಡಿಮೆ ಇವು ಯಾವುವನ್ನೂ ಸೇರಿಸದೆಯೇ ಪ್ರತಿ ಮೊಟ್ಟೆಗೂ ಹನ್ನೆರಡು ಪೈಸೆ ನಷ್ಟವಾಗುತ್ತಿತ್ತು.

ಆಗಿನ ವ್ಯವಸ್ಥೆಯನ್ನು ಹೇಳಬೇಕು. ಪಕ್ಕದ ಹೊಲದಲ್ಲಿ ತರಕಾರಿ ಇದ್ದುದರಿಂದ ಕೋಳಿಗಳನ್ನು ದಿನವಿಡೀ ಗೂಡಿನಲ್ಲಿಯೇ ಇಟ್ಟು ಸಂಜೆ ನಾಲ್ಕರ ಮೇಲೆ ಮಾತ್ರ ಹೊರಗೆ ಬಿಡುತ್ತಿದ್ದೆವು. ಫೀಡನ್ನು ಅಗಲವಾದ ಪ್ಲಾಸ್ಟಿಕ್ ತೊಟ್ಟಿಯಲ್ಲಿ ತುಂಬಿಡುತ್ತಿದ್ದೆವು. ಖಾಲಿಯಾದಂತೆ ಮತ್ತೆ ಸುರಿಯುತ್ತಿದ್ದೆವು. ತೂಕ ಎಂಬುದೇ ಇರಲಿಲ್ಲ.

ಅಟ್ಟದ ರಾಗಿ

ಏಪ್ರಿಲ್ ತಿಂಗಳಿನಲ್ಲಿ ಮನೆಯವರೆಲ್ಲ ಕೂತು ಮೂಟೆ ತರುವುದನ್ನು ನಿಲ್ಲಿಸಲು ತೀರ್ಮಾನಿಸಿದೆವು. ಅಜ್ಜಿಯ ಕಾಲದಲ್ಲಿ ಯಾರೂ ಕೋಳಿಗೆ ಮೂಟೆ ತಂದು ಹಾಕಿದವರಲ್ಲ, ಕಣದ ರಾಗಿ, ಅಕ್ಕಿ ನುಚ್ಚು, ತೌಡು, ಮಿಕ್ಕ ಮುದ್ದೆ ತಿಂದುಕೊಂಡೇ ಕೋಳಿ ಬೆಳೆಯುತ್ತಿದ್ದವು ಎಂಬುದು ಅಮ್ಮನ ವಾದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆಗಿನ ಊರುಕೋಳಿ ವರ್ಷಕ್ಕೆ ಐವತ್ತು ಅರುವತ್ತು ಮೊಟ್ಟೆಯಿಟ್ಟು, ನಡುವೆ ಕಾವಿಗೆ ಕೂತು, ಮರಿಗಳನ್ನು ಕಟ್ಟಿಕೊಂಡು ಊರೆಲ್ಲ ಕೆದಕಿ ತಿನ್ನುತ್ತಿತ್ತು. ನಮ್ಮದು ಅದರ ಮೂರರಷ್ಟು ಮೊಟ್ಟೆಯಿಡಬೇಕಾದ, ಮುಕ್ಕಾಲು ದಿನ ಗೂಡಿನಲ್ಲೇ ಇರುವ ಭಾರದ ಕೋಳಿ. ಈ ವ್ಯತ್ಯಾಸ ಆಗ ನಮಗೆ ಹೊಳೆಯಲಿಲ್ಲ.

ದಿನಕ್ಕೆ ರಾಗಿ 1.2 ಕೆ.ಜಿ., ನುಚ್ಚು 1.2 ಕೆ.ಜಿ., ತೌಡು 600 ಗ್ರಾಂ, ಒಟ್ಟು ಮೂರು ಕೆ.ಜಿ. ಹಾಕತೊಡಗಿದೆವು. ನುಚ್ಚಿಗೆ ಕೆ.ಜಿ.ಗೆ 28, ತೌಡಿಗೆ 20 ರೂಪಾಯಿ. ರಾಗಿ ಅಟ್ಟದ್ದಾದ್ದರಿಂದ ಅದಕ್ಕೆ ಬೆಲೆಯನ್ನೇ ಹಾಕಲಿಲ್ಲ. ದಿನಕ್ಕೆ 45 ರೂಪಾಯಿ 60 ಪೈಸೆ ಕೈಬಿಟ್ಟು ಹೋಗುತ್ತಿತ್ತು. ಮೊದಲಿನ 121 ರೂಪಾಯಿಯ ಮುಂದೆ ಇದು ದೊಡ್ಡ ಉಳಿತಾಯವಾಗಿ ಕಂಡಿತು. ಮೊದಲ ವಾರ ಮೊಟ್ಟೆಯೂ ಹೆಚ್ಚೇನೂ ಕಡಿಮೆಯಾಗಲಿಲ್ಲ. ಕೋಳಿ ತನ್ನ ಮೈಯ ಸಂಗ್ರಹದಿಂದ, ಮೂಳೆಯ ಸುಣ್ಣದಿಂದ ಸ್ವಲ್ಪ ದಿನ ದೂಡುತ್ತದೆ ಎಂಬುದು ಆಮೇಲೆ ಗೊತ್ತಾಯಿತು.

ಮೂರನೆಯ ವಾರಕ್ಕೆ ಹನ್ನೆರಡು ಇದ್ದದ್ದು ಎಂಟಾಯಿತು. ಮೇ ನಡುವಿಗೆ ಐದಕ್ಕೆ ಇಳಿದು ಅಲ್ಲಿಯೇ ನಿಂತಿತು. ಒಂದು ಬೆಳಿಗ್ಗೆ ಗೂಡಿನ ಹುಲ್ಲಿನಿಂದ ಎತ್ತಿಕೊಂಡ ಮೊಟ್ಟೆ ಬೆರಳ ಒತ್ತಿಗೇ ಕುಸಿದು, ಒಳಗಿನ ಪೊರೆ ಮಾತ್ರ ಹರಿಯದೆ ಅಂಗೈಯಲ್ಲಿ ನೀರು ತುಂಬಿದ ಚೀಲದಂತೆ ಜೋತಾಡಿತು. ಅದರ ಮೇಲೆ ಚಿಪ್ಪು ಎಂಬುದು ಒರಟು ಪುಡಿಯಂತೆ ಅಲ್ಲಲ್ಲಿ ಅಂಟಿಕೊಂಡಿತ್ತು ಅಷ್ಟೆ. ಮರುದಿನಗಳಲ್ಲಿ ಇಂಥ ತೋಲುಮೊಟ್ಟೆ ಇನ್ನೂ ಬಂದವು, ಒಡೆದದ್ದನ್ನು ಕೋಳಿಗಳೇ ಕುಕ್ಕಿ ತಿನ್ನಲು ಕಲಿತವು. ಒಂದು ಹೇಂಟೆ ಕಾಲೆಳೆಯತೊಡಗಿತು. ಇನ್ನೆರಡರ ಬಾಲದ ಬುಡದ ಪುಕ್ಕವನ್ನು ಉಳಿದವು ಕಿತ್ತು ರಕ್ತ ಬರಿಸಿದ್ದವು. ಆ ವರ್ಷದ ಏಪ್ರಿಲ್, ಮೇ ಬಿಸಿಲು ವಿಪರೀತವಾಗಿತ್ತು, ಬಿಸಿಲಿಗೆ ಕೋಳಿ ಕಡಿಮೆ ತಿಂದು ಮೊಟ್ಟೆ ಇಳಿಸುವುದೂ ಉಂಟು, ಆದ್ದರಿಂದ ಇಳಿಕೆಯೆಲ್ಲ ಆಹಾರದ್ದೇ ಎನ್ನುವುದು ಸರಿಯಲ್ಲ. ಆದರೆ ಜೂನ್‌ನಲ್ಲಿ ಮಳೆ ಹಿಡಿದು ತಂಪಾದ ಮೇಲೂ ಮೊಟ್ಟೆ ಐದನ್ನು ದಾಟಲಿಲ್ಲ.

ಪಶು ಆಸ್ಪತ್ರೆಯ ವೈದ್ಯರು ಕಾಲೆಳೆಯುವ ಕೋಳಿಯನ್ನು ನೋಡಿದವರೇ ಔಷಧಿಗಿಂತ ಮೊದಲು ಏನು ಹಾಕುತ್ತೀರಿ ಎಂದು ಕೇಳಿದರು. ಹೇಳಿದ್ದನ್ನು ಒಂದು ಚೀಟಿಯ ಹಿಂಬದಿಯಲ್ಲಿ ಬರೆದು ಲೆಕ್ಕ ಹಾಕಿ ತೋರಿಸಿದರು. ರಾಗಿಯಲ್ಲಿ ಪ್ರೋಟೀನು ಶೇ. 7ರಷ್ಟು, ನುಚ್ಚಿನಲ್ಲಿ ಏಳೂವರೆ, ತೌಡಿನಲ್ಲಿ 12. ನಮ್ಮ ಮಿಶ್ರಣದಲ್ಲಿ ಎಲ್ಲ ಸೇರಿ ಶೇ. 8ಕ್ಕಿಂತ ತುಸು ಹೆಚ್ಚು. ಒಂದು ಕೋಳಿಗೆ ದಿನಕ್ಕೆ 125 ಗ್ರಾಂ ಹಾಕಿದರೆ ಅದಕ್ಕೆ ಸಿಗುವ ಪ್ರೋಟೀನು ಹತ್ತು ಗ್ರಾಂ. ಮೊಟ್ಟೆಯಿಡುವ ಹೇಂಟೆಗೆ ಬೇಕಾದದ್ದು 16ರಿಂದ 18 ಗ್ರಾಂ. ಮೊಟ್ಟೆಯೊಂದರಲ್ಲಿಯೇ ಆರು ಗ್ರಾಂಗೂ ಮೀರಿದ ಪ್ರೋಟೀನು ಇರುವಾಗ, ಮೈಯನ್ನು ಉಳಿಸಿಕೊಂಡು, ಪುಕ್ಕವನ್ನೂ ಬೆಳೆಸಿಕೊಂಡು ಅದು ದಿನ ಬಿಟ್ಟು ದಿನವಾದರೂ ಮೊಟ್ಟೆ ಕೊಡಲು ಸಾಧ್ಯವಿರಲಿಲ್ಲ. ಪುಕ್ಕ ಕೀಳುವುದೂ ಬಹುಮಟ್ಟಿಗೆ ಇದೇ ಕೊರತೆಯ ಲಕ್ಷಣ.

ಸುಣ್ಣದ ಲೆಕ್ಕ ನನಗೆ ಇನ್ನೂ ಹೆಚ್ಚು ಆಶ್ಚರ್ಯ ತಂದಿತು. ರಾಗಿ ಎಂದರೆ ಕ್ಯಾಲ್ಸಿಯಂ ಎಂದು ಬೆಳೆದವರು ನಾವು. ಬಾಣಂತಿಗೂ ಮಗುವಿಗೂ ರಾಗಿಯನ್ನೇ ಕೊಡುವ ಸೀಮೆ ಇದು, ಧಾನ್ಯಗಳಲ್ಲಿ ರಾಗಿಯಷ್ಟು ಕ್ಯಾಲ್ಸಿಯಂ ಬೇರೆ ಯಾವುದರಲ್ಲಿಯೂ ಇಲ್ಲ ಎಂಬುದು ನಿಜವೂ ಹೌದು. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಇರುತ್ತದೆ. ಆದರೆ ಕೋಳಿಯ ಅಗತ್ಯ ಮನುಷ್ಯನ ಅಗತ್ಯದಂಥದ್ದಲ್ಲ. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಹೆಚ್ಚುಕಡಿಮೆ ಎರಡು ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ತಿಂದದ್ದರಲ್ಲಿ ಅರ್ಧದಷ್ಟೇ ಮೈಗೆ ಹತ್ತುವುದರಿಂದ ದಿನಕ್ಕೆ ಮೂರೂವರೆಯಿಂದ ನಾಲ್ಕು ಗ್ರಾಂ ತಿನ್ನಿಸಬೇಕು. ನಮ್ಮ ಕೋಳಿ ತಿನ್ನುತ್ತಿದ್ದ 50 ಗ್ರಾಂ ರಾಗಿಯಿಂದ ಅದಕ್ಕೆ ಸಿಗುತ್ತಿದ್ದುದು ಒಂದು ಗ್ರಾಂನ ಆರನೆಯ ಒಂದು ಭಾಗ. ಹೊಟ್ಟೆ ತುಂಬ ರಾಗಿಯನ್ನೇ ತಿಂದರೂ ಅರ್ಧ ಗ್ರಾಂ ಮುಟ್ಟುವುದಿಲ್ಲ. ಉಳಿದದ್ದನ್ನು ಅದು ತನ್ನ ಮೂಳೆಯಿಂದ ತೆಗೆದು ಚಿಪ್ಪಿಗೆ ಕೊಡುತ್ತಿತ್ತು. ಕಾಲೆಳೆಯುವ ಹೇಂಟೆಯ ಕಾಯಿಲೆಗೆ ಇದೇ ಕಾರಣ. ಅದಕ್ಕೆ ಕ್ಯಾಲ್ಸಿಯಂ ದ್ರಾವಣ ಕುಡಿಸಿ, ಬೇರೆ ಮಾಡಿ, ನುಣ್ಣಗಲ್ಲದ ಕಪ್ಪೆಚಿಪ್ಪಿನ ಪುಡಿ ಇಟ್ಟ ಮೇಲೆ ಎರಡು ವಾರದಲ್ಲಿ ನಡೆದಾಡಿತು.

ಇನ್ನು ಹಣದ ಲೆಕ್ಕ. ಅಟ್ಟದ ರಾಗಿ ಬಿಟ್ಟಿಯೆಂದು ನಾವು ಎಣಿಸಿದ್ದೇ ತಪ್ಪು. 2023-24ನೇ ಸಾಲಿನ ರಾಗಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 3,846 ರೂಪಾಯಿ ಇತ್ತು. ಅದೇ ಸಾಲಿನಲ್ಲಿ ಮೆಕ್ಕೆಜೋಳದ ಬೆಂಬಲ ಬೆಲೆ 2,090. ಕೋಳಿಯ ಹೊಟ್ಟೆಗೆ ಶಕ್ತಿ ಕೊಡುವುದರಲ್ಲಿ ಮೆಕ್ಕೆಜೋಳ ರಾಗಿಗಿಂತ ಮೇಲು, ಬೆಲೆ ಅರ್ಧಕ್ಕಿಂತ ತುಸು ಹೆಚ್ಚು. ಅಂದರೆ ರಾಗಿ ಮಾರಿ ಮೆಕ್ಕೆಜೋಳ ತಂದಿದ್ದರೆ ಕೋಳಿಗೂ ಲಾಭ, ಮನೆಗೂ ಲಾಭ. ನಮ್ಮ ರಾಗಿಗೆ ಆ ಬೆಲೆ ಕಟ್ಟಿದರೆ ದಿನದ ಆಹಾರದ ಖರ್ಚು 45 ರೂಪಾಯಿಯಲ್ಲ, 91 ರೂಪಾಯಿ 75 ಪೈಸೆ. ಐದು ಮೊಟ್ಟೆಗೆ ಹಂಚಿದಾಗ ಒಂದಕ್ಕೆ 18 ರೂಪಾಯಿ 35 ಪೈಸೆ. ಮೂಟೆಯ ಫೀಡು ದುಬಾರಿಯೆಂದು ಬಿಟ್ಟವರು ಹತ್ತಿರ ಹತ್ತಿರ ಅದರ ಎರಡರಷ್ಟು ಕೊಟ್ಟು ಮೊಟ್ಟೆ ಪಡೆಯುತ್ತಿದ್ದೆವು. ಕೈಯಿಂದ ನೋಟು ಹೋಗದ್ದರಿಂದ ಅದು ಕಾಣಿಸಲಿಲ್ಲ.

ಮನೆಯಲ್ಲೇ ಕಲಸಿದ ಫೀಡು

ಜುಲೈಯಲ್ಲಿ ವೈದ್ಯರ ಸಲಹೆಯಂತೆ ಮಿಶ್ರಣವನ್ನು ಮನೆಯಲ್ಲಿಯೇ ಮಾಡಿದೆವು. ಮಳೆಗಾಲದಲ್ಲಿ ಬೂಸ್ಟು ಹಿಡಿಯುವ ಭಯವಿದ್ದುದರಿಂದ ಒಂದು ಸಲಕ್ಕೆ 20 ಕೆ.ಜಿ. ಮಾತ್ರ. ಗಿರಣಿಯಲ್ಲಿ ತರಿಯಾಗಿ ಒಡೆಸಿದ ಮೆಕ್ಕೆಜೋಳ 11 ಕೆ.ಜಿ., ಸೋಯಾ ಹಿಂಡಿ ನಾಲ್ಕೂವರೆ, ತೌಡು ಎರಡೂವರೆ, ತೂರಿದಾಗ ಬಿದ್ದ ಜೊಳ್ಳು ರಾಗಿ ಒಂದೂವರೆ, ಖನಿಜ ಮಿಶ್ರಣ 440 ಗ್ರಾಂ, ಉಪ್ಪು 60 ಗ್ರಾಂ. ಲೆಕ್ಕದಲ್ಲಿ ಪ್ರೋಟೀನು ಶೇ. 17 ಬರುತ್ತದೆ. ಹಿಂಡಿಯಲ್ಲಿ ಕಡಲೆಕಾಯಿ ಹಿಂಡಿ ನಮ್ಮಲ್ಲಿ ಸುಲಭವಾಗಿ ಸಿಗುತ್ತದಾದರೂ, ತೇವದಲ್ಲಿ ಅದಕ್ಕೆ ಹಿಡಿಯುವ ಶಿಲೀಂಧ್ರದ ಅಫ್ಲಟಾಕ್ಸಿನ್ ವಿಷ ಕೋಳಿಯ ಯಕೃತ್ತನ್ನು ಕೆಡಿಸುತ್ತದೆಯಾದ್ದರಿಂದ ಮಳೆಗಾಲದಲ್ಲಿ ಅದನ್ನು ಮುಟ್ಟಲಿಲ್ಲ. ತೌಡನ್ನೂ ಅಷ್ಟೆ, ಎಣ್ಣೆಯಂಶ ಇರುವುದರಿಂದ ಬೇಗ ಮುಗ್ಗುತ್ತದೆ, ಮೂಗಿಗೆ ಕಮಟು ಬಡಿದ ತೌಡು ಕಡಿಮೆ ಬೆಲೆಗೆ ಸಿಕ್ಕರೂ ತರಬಾರದು.

ಚಿಪ್ಪಿನ ಪುಡಿಯನ್ನು ಮಿಶ್ರಣಕ್ಕೆ ಸೇರಿಸದೆ ಬೇರೆ ಬಾಣಲೆಯಲ್ಲಿ ಇಟ್ಟೆವು. ಇದಕ್ಕೆ ಕಾರಣವುಂಟು. ಹುಂಜಕ್ಕೆ ಅಷ್ಟು ಸುಣ್ಣ ಬೇಡ, ಹೆಚ್ಚಾದರೆ ಮೂತ್ರಪಿಂಡಕ್ಕೆ ಕೇಡು. ಮರಿಗಳಿಗೂ ಹಾಗೆಯೇ. ಹೇಂಟೆಯಾದರೆ ತನಗೆ ಬೇಕಾದಾಗ ತಾನೇ ಹೋಗಿ ತಿನ್ನುತ್ತದೆ. ಮೊಟ್ಟೆಯ ಚಿಪ್ಪು ಕಟ್ಟಿಕೊಳ್ಳುವುದು ಹೆಚ್ಚಾಗಿ ರಾತ್ರಿಯ ಹೊತ್ತು. ಸಂಜೆ ನಾಲ್ಕೂವರೆ ಐದರ ಹೊತ್ತಿಗೆ, ಫೀಡಿನ ತೊಟ್ಟಿ ತುಂಬಿದ್ದರೂ ಅದನ್ನು ಬಿಟ್ಟು ಹೇಂಟೆಗಳು ಚಿಪ್ಪಿನ ಬಾಣಲೆಯ ಸುತ್ತ ಸೇರುವುದನ್ನೂ, ನುಣ್ಣನೆಯ ಪುಡಿಯನ್ನು ಪಕ್ಕಕ್ಕೆ ಸರಿಸಿ ಜೋಳದ ಕಾಳಿನಷ್ಟು ದಪ್ಪದ ಚೂರುಗಳನ್ನು ಆರಿಸಿ ನುಂಗುವುದನ್ನೂ ದಿನವೂ ನೋಡಿದ್ದೇನೆ. ಹುಂಜಗಳು ಆ ಕಡೆ ಹೋಗುತ್ತಲೇ ಇರಲಿಲ್ಲ.

ತಿಂಗಳ ಕೊನೆಗೆ ಮೊಟ್ಟೆ 11ಕ್ಕೆ ಏರಿತು, ಚಿಪ್ಪು ಗಟ್ಟಿಯಾಯಿತು. ಆಹಾರ ಸರಿಯಾಯಿತೆಂಬುದರಲ್ಲಿ ಸಂದೇಹವಿರಲಿಲ್ಲ. ಖರ್ಚು ಮಾತ್ರ ಇಳಿಯಲಿಲ್ಲ. ಜೋಳ 275 ರೂಪಾಯಿ, ಹಿಂಡಿ 234, ತೌಡು 50, ಜೊಳ್ಳಿಗೆ 30, ಖನಿಜ ಮಿಶ್ರಣಕ್ಕೆ 53, ಗಿರಣಿಗೆ 33, ಉಪ್ಪಿಗೆ ಒಂದು. ಒಟ್ಟು 676 ರೂಪಾಯಿ. 20 ಕೆ.ಜಿ.ಗೆ ಭಾಗಿಸಿದರೆ ಕೆ.ಜಿ.ಗೆ 33 ರೂಪಾಯಿ 80 ಪೈಸೆ, ಅಂದರೆ ಮೂಟೆಯ ಫೀಡಿಗಿಂತ ಇಪ್ಪತ್ತು ಪೈಸೆ ಕಡಿಮೆ. ಈ ಇಪ್ಪತ್ತು ಪೈಸೆಗಾಗಿ ಒಂದು ಬೆಳಗಿನ ಹೊತ್ತು ಪೇಟೆಗೆ ಹೋಗಿ, ಗಿರಣಿಯಲ್ಲಿ ಕಾದು, ಚಾಪೆಯ ಮೇಲೆ ಸುರಿದು ಕಲಸಬೇಕು. ಫೀಡ್ ಮಾಡುವವರು ಜೋಳವನ್ನೂ ಹಿಂಡಿಯನ್ನೂ ಲಾರಿಗಟ್ಟಲೆ ಕೊಳ್ಳುತ್ತಾರೆ, ನಾವು ಚೀಲದಲ್ಲಿ ಚಿಲ್ಲರೆ ಬೆಲೆಗೆ ಕೊಳ್ಳುತ್ತೇವೆ. ಹೊಲದಲ್ಲಿ ಸ್ವಂತ ಮೆಕ್ಕೆಜೋಳ ಇರುವವರಿಗೆ ಲೆಕ್ಕ ಬೇರೆಯಾದೀತು. ಎಲ್ಲವನ್ನೂ ಕೊಂಡು ತರುವ ಇಪ್ಪತ್ತು ಮೂವತ್ತು ಕೋಳಿಯ ಮನೆಗೆ, ಮನೆಯಲ್ಲಿ ಕಲಸಿದರೆ ಅರ್ಧ ಬೆಲೆಗೆ ಆಗುತ್ತದೆ ಎಂಬ ಮಾತು ನಮ್ಮ ಪುಸ್ತಕದ ಮಟ್ಟಿಗೆ ನಿಜವಾಗಲಿಲ್ಲ. ನಾನು ಆಗಸ್ಟ್‌ನಲ್ಲಿ ಮತ್ತೆ ಮೂಟೆಗೆ ಮರಳಿದೆ.

ತಕ್ಕಡಿ

ಹೀಗೆ ಎರಡು ಸಲ ಆಹಾರ ಬದಲಾಯಿಸಿಯೂ ಮೊಟ್ಟೆಯ ಖರ್ಚು ಇಳಿಯದಿದ್ದಾಗ ಉಳಿದ ಪ್ರಶ್ನೆ ಒಂದೇ. ಹದಿನಾಲ್ಕು ದಿನಕ್ಕೆ 50 ಕೆ.ಜಿ. ಎಂದರೆ ದಿನಕ್ಕೆ ಸುಮಾರು 3.6 ಕೆ.ಜಿ., ಕೋಳಿಯೊಂದಕ್ಕೆ 150 ಗ್ರಾಂ. ಮೊಟ್ಟೆಯಿಡುವ ಕೋಳಿ ದಿನಕ್ಕೆ 110, 120 ಗ್ರಾಂ ತಿನ್ನುತ್ತದೆ. ನಮ್ಮದು ಭಾರದ ತಳಿಯಾದ್ದರಿಂದ ಸ್ವಲ್ಪ ಹೆಚ್ಚೆಂದುಕೊಂಡರೂ 150 ತಿನ್ನಲಾರದು. ಹಾಗಾದರೆ ಉಳಿದದ್ದು ಎಲ್ಲಿಗೆ ಹೋಗುತ್ತಿದೆ?

ಕೊಕ್ಕೆಯ ತಕ್ಕಡಿಯೊಂದನ್ನು ತಂದು ಎರಡು ಪರೀಕ್ಷೆ ಮಾಡಿದೆವು. ಮೊದಲನೆಯದು, ತೊಟ್ಟಿಯ ಕೆಳಗೆ ಹಳೆಯ ಪ್ಲಾಸ್ಟಿಕ್ ಹಾಳೆ ಹಾಸಿ ಸಂಜೆ ಅದರ ಮೇಲೆ ಬಿದ್ದದ್ದನ್ನು ಗುಡಿಸಿ, ಹಿಕ್ಕೆ ಪುಕ್ಕ ಜರಡಿ ಹಿಡಿದು ತೂಗುವುದು. ಸರಾಸರಿ 400 ಗ್ರಾಂ ಬಂತು. ಅಗಲ ಬಾಯಿಯ ತೊಟ್ಟಿಯಲ್ಲಿ ಕೋಳಿ ಕೊಕ್ಕನ್ನು ಅತ್ತಿತ್ತ ಆಡಿಸಿ ದಪ್ಪ ಕಾಳನ್ನು ಆರಿಸುವಾಗ ಪುಡಿಯೆಲ್ಲ ಹೊರಗೆ ಚೆಲ್ಲುತ್ತದೆ, ತೊಟ್ಟಿ ಅಂಚಿನವರೆಗೂ ತುಂಬಿದ್ದರೆ ಇನ್ನೂ ಹೆಚ್ಚು ಚೆಲ್ಲುತ್ತದೆ. ನಾವು ಪ್ರೀತಿಯಿಂದ ಅಂಚಿನವರೆಗೂ ತುಂಬುತ್ತಿದ್ದೆವು. ಚೆಲ್ಲಿದ ಪುಡಿ ಕಸದ ಜೊತೆ ಬೆರೆತು ತಿಪ್ಪೆಗೆ ಹೋಗುತ್ತಿತ್ತು.

ಎರಡನೆಯ ಪರೀಕ್ಷೆ ರಾತ್ರಿಯದು. ಕತ್ತಲಾದ ಮೇಲೆ ಕೋಳಿ ತಿನ್ನುವುದಿಲ್ಲ, ಅಟ್ಟಣೆ ಹತ್ತಿ ಕೂತರೆ ಬೆಳಕು ಹರಿಯುವ ತನಕ ಇಳಿಯುವುದಿಲ್ಲ. ಆದ್ದರಿಂದ ಸಂಜೆ ಏಳಕ್ಕೆ ತೂಗಿದ ತೊಟ್ಟಿ ಬೆಳಗಿನ ಐದಕ್ಕೂ ಅಷ್ಟೇ ತೂಗಬೇಕು. ಏಳು ರಾತ್ರಿ ತೂಗಿದೆವು. ಪ್ರತಿ ರಾತ್ರಿ 230 ಗ್ರಾಂನ ಆಸುಪಾಸಿನಲ್ಲಿ ಕಡಿಮೆಯಾಗುತ್ತಿತ್ತು. ಎರಡನೆಯ ರಾತ್ರಿ ಟಾರ್ಚ್ ಹಿಡಿದು ಹೋದಾಗ ಎರಡು ಇಲಿಗಳು ತೊಟ್ಟಿಯ ಒಳಗಿಂದ ಹಾರಿ ಗೂಡಿನ ಮೂಲೆಯ ಬಿಲಕ್ಕೆ ನುಗ್ಗಿದವು. ಬಿಲದ ಬಾಯಿ ನುಣ್ಣಗೆ ಸವೆದಿತ್ತು, ಅಂದರೆ ಅದು ಹೊಸದಲ್ಲ.

ಎರಡನ್ನೂ ಕೂಡಿದರೆ ದಿನಕ್ಕೆ 630 ಗ್ರಾಂ, 21 ರೂಪಾಯಿ 42 ಪೈಸೆ. ತಿಂಗಳಿಗೆ 640 ರೂಪಾಯಿ ಮೀರುತ್ತದೆ. ಕೋಳಿಗಳು ನಿಜವಾಗಿ ತಿನ್ನುತ್ತಿದ್ದುದು 2.97 ಕೆ.ಜಿ., ತಲೆಗೆ 124 ಗ್ರಾಂ, ಅವುಗಳ ಮೈಗೆ ತಕ್ಕಷ್ಟೇ. ತಪ್ಪು ಕೋಳಿಯದ್ದೂ ಅಲ್ಲ, ಫೀಡಿನದ್ದೂ ಅಲ್ಲ. ಅಂಚು ಒಳಕ್ಕೆ ಮಡಚಿದ ತೂಗುತೊಟ್ಟಿ ತಂದು, ಅದರ ಅಂಚು ಕೋಳಿಯ ಬೆನ್ನಿನ ಎತ್ತರಕ್ಕೆ ಬರುವಂತೆ ನೇತುಹಾಕಿ, ಮೂರನೆಯ ಒಂದು ಭಾಗ ಮಾತ್ರ ತುಂಬಿ, ರಾತ್ರಿ ಅದನ್ನು ಬಿಚ್ಚಿ ಮುಚ್ಚಳದ ಡ್ರಮ್ಮಿನಲ್ಲಿ ಇಡತೊಡಗಿದ ಮೇಲೆ ಮೂಟೆ ಹದಿನಾರು ದಿನ ದಾಟಿ ಬಂತು. ಬೇರೇನನ್ನೂ ಬದಲಾಯಿಸದೆ ಮೊಟ್ಟೆಯ ಖರ್ಚು ಎಂಟೂವರೆ ರೂಪಾಯಿಯ ಹತ್ತಿರಕ್ಕೆ ಇಳಿಯಿತು. ಇಡೀ ವರ್ಷದಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಉಳಿದದ್ದು ಬೇರೆ ಯಾವುದರಿಂದಲೂ ಇಲ್ಲ.

ಆ ಬಳಿಕ ಮೊಟ್ಟೆಯಿಡದ ಕೋಳಿಗಳನ್ನು ಗುರುತಿಸಿದೆವು. ಹೇಂಟೆಯನ್ನು ತೋಳಿನಲ್ಲಿ ಹಿಡಿದು ಬಾಲದ ಕೆಳಗಿನ ಎರಡು ಕಿರುಮೂಳೆಗಳ ನಡುವೆ ಬೆರಳಿಟ್ಟು ನೋಡಬೇಕು. ಮೊಟ್ಟೆಯಿಡುವುದಕ್ಕೆ ಅಲ್ಲಿ ಎರಡು ಮೂರು ಬೆರಳು ಹಿಡಿಸುತ್ತವೆ, ಮೂಳೆ ತೆಳ್ಳಗೆ ಬಾಗುತ್ತದೆ. ನಿಲ್ಲಿಸಿದ್ದಕ್ಕೆ ಒಂದು ಬೆರಳೂ ಕಷ್ಟ. 22ರಲ್ಲಿ ಮೂರು ಹೀಗೆ ಸಿಕ್ಕವು, ಮೂರೂ ನೋಡಲು ಎಲ್ಲಕ್ಕಿಂತ ದಷ್ಟಪುಷ್ಟವಾಗಿದ್ದವು. ಒಂದು ಕೋಳಿ ತಿನ್ನುವುದಕ್ಕೆ ದಿನಕ್ಕೆ 4 ರೂಪಾಯಿ 20 ಪೈಸೆ. ಈ ಮೂರು ಮತ್ತು ಹೆಚ್ಚಿನ ಹುಂಜ ಸೇರಿ ದಿನಕ್ಕೆ ಸುಮಾರು 17 ರೂಪಾಯಿ. ಮೊಟ್ಟೆಗೆ ಹುಂಜ ಬೇಕಿಲ್ಲ, ಈ ತಳಿಯ ಮೊಟ್ಟೆಯನ್ನು ಕಾವಿಗಿಟ್ಟರೆ ಮುಂದಿನ ಪೀಳಿಗೆ ಅಷ್ಟೇ ಇಳುವರಿ ಕೊಡುವುದೂ ಇಲ್ಲ. ಆದರೂ ಹದ್ದು ಬಂದಾಗ ಕೂಗಿ ಎಚ್ಚರಿಸುವುದಕ್ಕೆಂದು ಒಂದನ್ನು ಉಳಿಸಿಕೊಂಡೆವು, ಅದರ ಖರ್ಚು ಕಾವಲಿನ ಲೆಕ್ಕ. ನಾಲ್ಕನ್ನೂ ಸೆಪ್ಟೆಂಬರ್ ಕೊನೆಗೆ, ಪಿತೃಪಕ್ಷದ ಹಬ್ಬಕ್ಕೆ ನಮ್ಮ ಸೀಮೆಯಲ್ಲಿ ಕೋಳಿಗೆ ಬೇಡಿಕೆ ಏರಿದಾಗ ಮಾರಿದೆವು.

ಹೊರಗೆ ಮೇಯುವುದು

ತೆಂಗಿನ ತೋಟದ ಸುತ್ತ ಹಳೆಯ ಬಲೆ ಕಟ್ಟಿ, ಬೆಳಿಗ್ಗೆ ಹತ್ತೂವರೆಗೆ ಕೋಳಿಗಳನ್ನು ಬಿಡುವ ಕ್ರಮ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಅಷ್ಟರೊಳಗೆ ಹೆಚ್ಚಿನವು ಮೊಟ್ಟೆಯಿಟ್ಟಿರುತ್ತವೆ, ಅದಕ್ಕೂ ಮೊದಲೇ ಬಿಟ್ಟರೆ ಬೇಲಿಯ ಬುಡದಲ್ಲಿ ಇಟ್ಟು ಬರುತ್ತವೆ. ಮೂಟೆಯ ಫೀಡನ್ನು ತಲೆಗೆ 80 ಗ್ರಾಂಗೆ ಇಳಿಸಿ, ಸಂಜೆ ಗೂಡಿಗೆ ಕರೆಯುವಾಗ ಒಡೆದ ಮೆಕ್ಕೆಜೋಳ 20 ಗ್ರಾಂ ಎರಚಿದೆವು. ಉಳಿದದ್ದನ್ನು ಅವು ತೋಟದಲ್ಲಿ ಹುಡುಕಿಕೊಳ್ಳಬೇಕು. ಜೋಳವನ್ನು ಇದಕ್ಕಿಂತ ಹೆಚ್ಚು ಹಾಕುವ ಆಸೆ ಯಾರಿಗಾದರೂ ಬರುತ್ತದೆ, ಅದು ಅಗ್ಗ, ಕೋಳಿಗೂ ಪ್ರೀತಿ. ಆದರೆ ಜೋಳ ಹೆಚ್ಚಿದಷ್ಟೂ ಫೀಡಿನ ಪ್ರೋಟೀನು ತೆಳುವಾಗಿ ಏಪ್ರಿಲ್ ತಿಂಗಳ ಕಥೆ ಮರುಕಳಿಸುತ್ತದೆ. ಕೋಳಿಗೆ ಸಾಕಾಯಿತೇ ಎಂಬುದನ್ನು ಸಂಜೆ ಅಟ್ಟಣೆ ಹತ್ತಿದ ಮೇಲೆ ಎರಡು ಮೂರರ ಕೊರಳ ಬುಡದ ಕಾಳುಚೀಲವನ್ನು ಮುಟ್ಟಿ ನೋಡುತ್ತಿದ್ದೆವು. ಅದು ನಿಂಬೆಹಣ್ಣಿಗಿಂತ ದೊಡ್ಡದಾಗಿ ಬಿಗಿಯಾಗಿದ್ದರೆ ಸರಿ. ಮಳೆ ಹಿಡಿದು ಹೊರಗೆ ಬಿಡಲಾಗದ ದಿನ ಅದು ಸಡಿಲವಾಗಿರುತ್ತಿತ್ತು, ಅಂದು ಫೀಡನ್ನು ಮತ್ತೆ 120 ಗ್ರಾಂಗೆ ಏರಿಸುತ್ತಿದ್ದೆವು.

ಹೊರಗಿನ ಪೂರಕಗಳ ಬಗ್ಗೆ ನನಗೆ ಮೊದಲಿದ್ದ ನಂಬಿಕೆ ಈಗ ಬದಲಾಗಿದೆ. ನೀರಿನ ಮೇಲೆ ತೇಲಿ ಬೆಳೆಯುವ ಸಣ್ಣ ಜರೀಗಿಡ ಅಜೋಲಾವನ್ನು ತೆಗೆದುಕೊಳ್ಳಿ. ಆರಡಿ ನಾಲ್ಕಡಿಯ ತೊಟ್ಟಿಯಿಂದ ದಿನಕ್ಕೆ ಒಂದು ಕೆ.ಜಿ. ಹಸಿ ಅಜೋಲಾ ತೆಗೆಯುತ್ತಿದ್ದೆವು. ಬುಟ್ಟಿ ತುಂಬ ಕಾಣುತ್ತದೆ, ಕೋಳಿಗಳು ಮುಗಿಬೀಳುತ್ತವೆ. ಅದರಲ್ಲಿ ನೀರು ಶೇ. 94ರಷ್ಟು. ಒಣಗಿದರೆ ಉಳಿಯುವುದು 60 ಗ್ರಾಂ, ಅದರಲ್ಲಿ ಪ್ರೋಟೀನು ಹದಿನಾಲ್ಕು ಹದಿನೈದು ಗ್ರಾಂ. ಅಂದರೆ ಒಂದು ಹೇಂಟೆಯ ಒಂದು ದಿನದ ಅಗತ್ಯಕ್ಕೂ ತುಸು ಕಡಿಮೆ, ಇಪ್ಪತ್ತಕ್ಕೆ ಹಂಚಿದರೆ ಲೆಕ್ಕಕ್ಕೇ ಸಿಗದು. ಮೊಟ್ಟೆಯ ಹಳದಿಗೆ ಒಳ್ಳೆಯ ಬಣ್ಣ ಬರುತ್ತದೆ, ಗಿರಾಕಿಗಳು ಅದನ್ನು ನೋಡಿಯೇ ಬರುತ್ತಾರೆ, ಆದ್ದರಿಂದ ತೊಟ್ಟಿಯನ್ನು ಉಳಿಸಿಕೊಂಡಿದ್ದೇವೆ. ಫೀಡಿಗೆ ಅದು ಬದಲಿ ಎಂದು ಯಾರಾದರೂ ಹೇಳಿದರೆ ಒಪ್ಪಲಾರೆ. ನುಗ್ಗೆಸೊಪ್ಪು, ಅಗಸೆಸೊಪ್ಪಿನ ವಿಷಯವೂ ಹೆಚ್ಚುಕಡಿಮೆ ಹೀಗೆಯೇ.

ಹುಳುವಿನ ಮಾತು ಬೇರೆ. ನಮ್ಮ ಕಡೆ ಹಿಂದಿನವರು ಮಾಡುತ್ತಿದ್ದಂತೆ, ಹಳೆಯ ಮಡಕೆಯೊಳಗೆ ಒದ್ದೆ ಹುಲ್ಲು, ಒಣ ಸಗಣಿಯ ಚೂರು, ಹರಿದ ಗೋಣಿ ತುರುಕಿ, ಗೆದ್ದಲಿರುವ ಜಾಗದಲ್ಲಿ ಸಂಜೆ ಬೋರಲು ಹಾಕಿಟ್ಟರೆ ಬೆಳಿಗ್ಗೆ ಮಡಕೆಯ ಒಳಮೈಯೆಲ್ಲ ಬಿಳಿ ಗೆದ್ದಲು ಮುತ್ತಿರುತ್ತದೆ. ಬಿಸಿಲೇರುವುದರೊಳಗೆ ಅದನ್ನು ಕೋಳಿಗಳ ನಡುವೆ ಕೊಡವಬೇಕು. ತೂಕ ಹೆಚ್ಚೇನೂ ಆಗದು, ಆದರೆ ಧಾನ್ಯದಲ್ಲಿ ಕೊರತೆಯಾಗುವ ಲೈಸಿನ್, ಮೆಥಿಯೋನಿನ್ ಎಂಬ ಪ್ರೋಟೀನಿನ ಘಟಕಗಳು ಇಂಥ ಹುಳುಗಳಿಂದ ಒದಗುತ್ತವೆ. ಎಳೆಯ ಮರಿಗಳಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ರಾಮನಗರದ ಕಡೆಯಿಂದ ನೂಲು ಬಿಚ್ಚಿದ ಮೇಲೆ ಉಳಿಯುವ ರೇಷ್ಮೆಗೂಡಿನೊಳಗಿನ ಹುಳುವನ್ನು, ಅಂದರೆ ಪ್ಯೂಪಾವನ್ನೂ ತಂದು ಒಣಗಿಸಿ ಹಾಕಿದ್ದೆವು. ಪ್ರೋಟೀನಿನಲ್ಲಿ ಅದು ಸೋಯಾ ಹಿಂಡಿಯನ್ನು ಮೀರಿಸುತ್ತದೆ. ಆದರೆ ಎಣ್ಣೆಯಂಶ ಬಹಳ, ಬೇಗ ನಾರುತ್ತದೆ. ನವೆಂಬರ್ ಮೊದಲ ವಾರ ಅಳತೆಯಿಲ್ಲದೆ ಬೊಗಸೆ ಬೊಗಸೆ ಹಾಕಿದ್ದರಿಂದ ಮೊಟ್ಟೆಗೇ ಆ ವಾಸನೆ ಹತ್ತಿತು. ಖಾಯಂ ಕೊಳ್ಳುತ್ತಿದ್ದ ಮನೆಯವರೊಬ್ಬರು ಬೇಯಿಸಿದ ಮೊಟ್ಟೆಯನ್ನು ಒಡೆದು ತಂದು ಮೂಸಿ ನೋಡಲು ಹೇಳಿದರು. ಅವರಿಗೆ ಅರ್ಧ ಡಜನ್ ಬೇರೆ ಕೊಟ್ಟೆವು, ಪ್ಯೂಪಾವನ್ನು ದಿನಕ್ಕೆ ಒಂದು ಮುಷ್ಟಿಗೆ ಇಳಿಸಿದೆವು. ಅಡಿಗೆಮನೆಯ ಮಿಕ್ಕದ್ದು ಎಂದೂ ನಿಂತಿಲ್ಲ, ಉಪ್ಪಿನಕಾಯಿ, ಉಪ್ಪು ಹೆಚ್ಚಾದ ಸಾರು, ಬೂಸ್ಟು ಹಿಡಿದದ್ದು ಮಾತ್ರ ಹಾಕುವುದಿಲ್ಲ.

ಅಕ್ಟೋಬರ್, ನವೆಂಬರ್ ತಿಂಗಳ ಲೆಕ್ಕ ಹೀಗಿದೆ. 19 ಹೇಂಟೆ, ಒಂದು ಹುಂಜ. ಫೀಡು 1.6 ಕೆ.ಜಿ.ಗೆ 54 ರೂಪಾಯಿ 40 ಪೈಸೆ, ಜೋಳ 400 ಗ್ರಾಂಗೆ ಹತ್ತು ರೂಪಾಯಿ, ಚಿಪ್ಪಿಗೆ ಒಂದು ರೂಪಾಯಿ ಚಿಲ್ಲರೆ, ದಿನಕ್ಕೆ ಒಟ್ಟು 65 ರೂಪಾಯಿ 60 ಪೈಸೆ. ಮೊಟ್ಟೆ ಸರಾಸರಿ 11. ಒಂದಕ್ಕೆ ಆರು ರೂಪಾಯಿಗೆ ನಾಲ್ಕು ಪೈಸೆ ಕಡಿಮೆ. ಮಳೆಯ ದಿನಗಳ ಹೆಚ್ಚಿನ ಫೀಡು ಸೇರಿಸಿದರೆ ಇನ್ನೊಂದಷ್ಟು ಪೈಸೆ ಏರುತ್ತದೆ, ಆರೂವರೆಯನ್ನು ಮುಟ್ಟುವುದಿಲ್ಲ.

ಇದನ್ನೇ ಇಡೀ ವರ್ಷದ ಬೆಲೆಯೆಂದು ಹೇಳುವುದು ಸರಿಯಾಗದು. ಮರಿಯನ್ನು ಮೊಟ್ಟೆಯ ವಯಸ್ಸಿಗೆ ತರುವವರೆಗೆ ಅದು ಎಂಟೊಂಬತ್ತು ಕೆ.ಜಿ. ಆಹಾರ ತಿಂದಿರುತ್ತದೆ, ಅದಕ್ಕೆ ಸುಮಾರು 300 ರೂಪಾಯಿ. 180 ಮೊಟ್ಟೆಗೆ ಹಂಚಿದರೆ ಒಂದಕ್ಕೆ 1 ರೂಪಾಯಿ 67 ಪೈಸೆ. ಬಿಳಿ ಲೇಯರ್ ಕೋಳಿಯಾದರೆ ಇದು ಬಹುತೇಕ ಹೋದ ದುಡ್ಡು, ಕೊನೆಗೆ ಅದರ ಮೈಯಲ್ಲಿ ಮಾಂಸವಿರುವುದಿಲ್ಲ. ಮೂರು ಕೆ.ಜಿ. ತೂಗುವ ಸ್ವರ್ಣಧಾರಾ ಹೇಂಟೆಯನ್ನು ಹಬ್ಬದ ಹೊತ್ತಿಗೆ ಮಾರಿದರೆ ಈ 300 ರೂಪಾಯಿ ತಿರುಗಿ ಬರುತ್ತದೆ. ಆದ್ದರಿಂದ ಯಾವಾಗ ಮಾರಬೇಕು ಎಂಬುದು ಆಹಾರದ ಖರ್ಚಿನ ಪ್ರಶ್ನೆಯೇ ಆಗಿಬಿಡುತ್ತದೆ.

ಆ ಪ್ರಶ್ನೆ ಡಿಸೆಂಬರ್‌ನಲ್ಲಿ ಎದುರಾಯಿತು. ಹಗಲು ಕಿರಿದಾಯಿತು, ಕೋಳಿಗಳಿಗೆ ಒಂದೂವರೆ ವರ್ಷ ಸಮೀಪಿಸಿತು, ಕೊರಳಿನ ಪುಕ್ಕ ಉದುರತೊಡಗಿತು. ಪುಕ್ಕ ಉದುರುವಾಗ ಕೋಳಿ ಮೊಟ್ಟೆ ನಿಲ್ಲಿಸಿ ತಿಂದ ಪ್ರೋಟೀನನ್ನು ಹೊಸ ಪುಕ್ಕಕ್ಕೆ ಕೊಡುತ್ತದೆ. ಆಗ ಫೀಡು ಕಡಿಮೆ ಮಾಡಿದರೆ ಅದು ಚೇತರಿಸಿಕೊಳ್ಳುವುದೇ ತಡವಾಗುತ್ತದೆ. ತಿಂಗಳ ಕೊನೆಗೆ ದಿನಕ್ಕೆ ಐದು ಮೊಟ್ಟೆ, ಒಂದಕ್ಕೆ 13 ರೂಪಾಯಿ 12 ಪೈಸೆ. ಎಲ್ಲವನ್ನೂ ಎರಡು ಮೂರು ತಿಂಗಳು ಹೀಗೆ ಸಾಕುವುದು ಸಾಧ್ಯವಿರಲಿಲ್ಲ, ಎಲ್ಲವನ್ನೂ ಮಾರಲು ಅಮ್ಮನಿಗೆ ಮನಸ್ಸಿರಲಿಲ್ಲ. ಬೇಗ ಪುಕ್ಕ ಉದುರಿಸಿ ನಿಧಾನವಾಗಿ ಬೆಳೆಸಿಕೊಳ್ಳುವುದು ಕಡಿಮೆ ಮೊಟ್ಟೆಯ ಕೋಳಿ, ತಡವಾಗಿ ಉದುರಿಸಿ ಬೇಗ ಮುಗಿಸುವುದು ಒಳ್ಳೆಯ ಮೊಟ್ಟೆಯ ಕೋಳಿ ಎಂಬ ಹಳೆಯ ಪರೀಕ್ಷೆಯನ್ನೇ ಹಿಡಿದೆವು. ಡಿಸೆಂಬರ್ ಕೊನೆಯವರೆಗೂ ಪುಕ್ಕ ಬಿಗಿಯಾಗಿದ್ದ ಆರರ ಕಾಲಿಗೆ ಕೆಂಪು ದಾರ ಕಟ್ಟಿ ಉಳಿಸಿಕೊಂಡು, ಹದಿಮೂರನ್ನು ಜನವರಿಯಲ್ಲಿ ಕೊಟ್ಟೆವು.

ಜನವರಿ 31ರಂದು ಪುಸ್ತಕದಲ್ಲಿ ಬರೆದದ್ದು ಇಷ್ಟು: ಹೇಂಟೆ 6, ಹುಂಜ 1, ಫೀಡು 560 ಗ್ರಾಂ, ಜೋಳ 140 ಗ್ರಾಂ, ಮೊಟ್ಟೆ 3. ಅದರ ಕೆಳಗೆ, ಮುಂದಿನ ಸಲ ಮರಿಗಳನ್ನು ಒಂದೇ ಗುಂಪಾಗಿ ತರದೆ ಜೂನ್‌ನಲ್ಲಿ 12, ಡಿಸೆಂಬರ್‌ನಲ್ಲಿ 12 ತರಬೇಕೆಂದು ಅಮ್ಮ ಹೇಳಿದ್ದನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದೇನೆ.